ಲೂಪ್

ಇಂಗ್ಲಿಷಿನ ‘ಲೂಪ್’ ಮೂಲತಃ ಹಗ್ಗದ ಕುಣಿಕೆ. ಸಂಗೀತಕ್ಕೆ ಅದು ಬಂದದ್ದು ಟೇಪಿನ ಮೂಲಕ. ಧ್ವನಿ ತುಂಬಿದ ಟೇಪಿನ ತುಂಡೊಂದರ ಎರಡೂ ತುದಿ ಸೇರಿಸಿ ಅಂಟಿಸಿದರೆ ಅದು ಯಂತ್ರದಲ್ಲಿ ಸುತ್ತುತ್ತಲೇ ಇರುತ್ತದೆ. ಅದೇ ಸದ್ದು ಮತ್ತೆ ಮತ್ತೆ ಕೇಳುತ್ತದೆ. 1965ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಸ್ಟೀವ್ ರೈಶ್ ಬೀದಿ ಬೋಧಕನೊಬ್ಬನ ದನಿಯನ್ನು ಹೀಗೆ ಎರಡು ಯಂತ್ರಗಳಲ್ಲಿ ಸುತ್ತಿಸಿದರು. ಎರಡರ ವೇಗ ಕೂದಲೆಳೆಯಷ್ಟು ಬೇರೆಯಾಗಿ, ಮಾತು ಕರಗಿ ಲಯವಾಯಿತು.

ಈಗ ಟೇಪಿಲ್ಲ, ಪದ ಉಳಿದಿದೆ. ಜಪಾನಿನ ಕೋರ್ಗ್ ಕಂಪನಿ 1999ರಲ್ಲಿ ತಂದ ‘ಕೇಯಾಸ್ ಪ್ಯಾಡ್’ ಬೆರಳಿನಿಂದ ನುಡಿಸುವ, ಸದ್ದಿನ ಗುಣ ಬದಲಿಸುವ ಎಫೆಕ್ಟ್ ಪೆಟ್ಟಿಗೆ. ಅದರ ‘ಕೆಪಿ3’ ಮಾದರಿಯಲ್ಲಿ ಲೂಪ್ ಹಿಡಿಯಲು ನಾಲ್ಕು ಬ್ಯಾಂಕ್‌ಗಳಿವೆ. ಬಾಯಲ್ಲಿ ತಾಳ ಹಾಕಿ ಒಂದರಲ್ಲಿ ಹಿಡಿದು, ಅದರ ಮೇಲೆ ಗುನುಗು, ಆಮೇಲೆ ಹಾಡು. ಪ್ಯಾಡ್ ಮೇಲೆ ಬೆರಳು ಎಡಬಲ ಸರಿದರೆ ಒಂದು ಗುಣ, ಮೇಲೆ ಕೆಳಗೆ ಸರಿದರೆ ಇನ್ನೊಂದು ಗುಣ ಬದಲಾಗುತ್ತದೆ. ಬಾಯಲ್ಲೇ ವಾದ್ಯಗಳ ಸದ್ದು ಹೊರಡಿಸುವ ಬ್ರಿಟನ್ನಿನ ಕಲಾವಿದ ಬಿಯರ್ಡಿಮ್ಯಾನ್ ಇಂಥ ಪೆಟ್ಟಿಗೆಗಳಿಂದಲೇ ಒಬ್ಬಂಟಿಯಾಗಿ ಇಡೀ ವಾದ್ಯವೃಂದ ಎಬ್ಬಿಸಿದರು. ಒಂದೇ ಗಂಟಲಿನಿಂದ ಅಷ್ಟು ದನಿ ಹೊರಡುವುದನ್ನು ಕೇಳಬೇಕು!

ಕನ್ನಡದಲ್ಲಿ ‘ಲೂಪ್ ಹಾಕು’, ‘ಲೂಪಲ್ಲಿ ಕೇಳಿದೆ’ ಎನ್ನುತ್ತೇವೆ. ‘ಆವರ್ತ’ ಎನ್ನಬಹುದಲ್ಲ ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ತಾಳದ ಆವರ್ತದಲ್ಲಿ ಮರಳುವುದು ಎಣಿಕೆ ಮಾತ್ರ, ಅದರೊಳಗಿನ ಸಂಗೀತ ಪ್ರತಿ ಸುತ್ತಿಗೂ ಹೊಸದಾಗಬಹುದು. ಲೂಪಿನಲ್ಲಿ ಮರಳುವುದು ಹಿಡಿದಿಟ್ಟ ಸದ್ದೇ, ಅದರ ಉಸಿರು, ಕೆಮ್ಮಿನ ಸಮೇತ.