ದಿನಾಂಕದ ದೋಷ ಮತ್ತು ದಿನನಿತ್ಯದ ಬದುಕು: ಗಣಕಗಳ ಕಾಲಗಣನೆಯ ವೈಫಲ್ಯಗಳ ಒಂದು ವಿವೇಚನೆ

ಗಣಕಗಳ ದಿನಾಂಕದೋಷ ಎಂದೊಡನೆ ನೆನಪಾಗುವುದು 2000ನೇ ಇಸವಿಯ ‘ವೈಟೂಕೆ’ ಗದ್ದಲ. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟಿದ್ದ ತಂತ್ರಾಂಶಗಳನ್ನು ತಿದ್ದಲು ಜಗತ್ತಿನಾದ್ಯಂತ ವರ್ಷಗಟ್ಟಲೆ ದುಡಿಮೆ ನಡೆಯಿತು. ಬೆಂಗಳೂರಿನ ತಂತ್ರಾಂಶ ಉದ್ಯಮದ ಬೆಳವಣಿಗೆಗೂ ಆ ಕೆಲಸ ಒಂದು ಕಾರಣವಾಯಿತು. ಹೊಸ ವರ್ಷದ ರಾತ್ರಿ ಅನಾಹುತವೇನೂ ಆಗದ್ದರಿಂದ ಸಮಸ್ಯೆ ಮುಗಿಯಿತೆಂದೇ ಬಹುಮಂದಿ ತಿಳಿದರು. ಆದರೆ ಆನಂತರವೂ ಇಂಥ ದೋಷಗಳು ಮರುಕಳಿಸುತ್ತಲೇ ಇವೆ. ಯಂತ್ರವನ್ನು ನಿಲ್ಲಿಸುವ ದೋಷಕ್ಕಿಂತ, ನಿಲ್ಲಿಸದೆ ತಪ್ಪು ಉತ್ತರ ಕೊಡಿಸುವ ದೋಷವೇ ಹೆಚ್ಚು ಅಪಾಯಕಾರಿ ಎಂಬುದು ಪ್ರಸ್ತುತ ಲೇಖನದ ವಾದ.

ದೋಷಗಳ ಎರಡು ಬಗೆ

ಈ ದೋಷಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಜಾಗದ ಕೊರತೆ: ದಿನಾಂಕಕ್ಕೆ ಮೀಸಲಿಟ್ಟ ಸ್ಥಳದಲ್ಲಿ ಅದು ಹಿಡಿಸುವುದಿಲ್ಲ. ಎರಡನೆಯದು ನಿಯಮದ ಉಪೇಕ್ಷೆ: ಅಧಿಕ ವರ್ಷದ ಸೂತ್ರ ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದ 1582ರಿಂದಲೂ ಸ್ಪಷ್ಟವಾಗಿದೆ, ಆದರೂ ತಂತ್ರಾಂಶ ಅದನ್ನು ಪಾಲಿಸುವುದಿಲ್ಲ.

ಎರಡನೆಯ ಬಗೆಗೆ 2012ರ ಫೆಬ್ರವರಿ 29ರಂದು ಮೈಕ್ರೋಸಾಫ್ಟ್‌ನ ಅಜ್ಯೂರ್ ಸೇವೆ ಕುಸಿದದ್ದು ಒಳ್ಳೆಯ ನಿದರ್ಶನ. ಭದ್ರತಾ ಪ್ರಮಾಣಪತ್ರದ ಅವಧಿಯನ್ನು ನಿಗದಿಪಡಿಸಲು ತಂತ್ರಾಂಶವು ಅಂದಿನ ದಿನಾಂಕದ ಇಸವಿಗೆ ಒಂದನ್ನು ಕೂಡಿಸಿತು. ಸಿಕ್ಕಿದ್ದು 2013ರ ಫೆಬ್ರವರಿ 29. ಅಂಥ ದಿನವೇ ಇಲ್ಲ. ಪ್ರಮಾಣಪತ್ರ ಸಿದ್ಧವಾಗಲಿಲ್ಲ. ಪದೇಪದೇ ವಿಫಲವಾದ ಸರ್ವರ್‌ಗಳ ಯಂತ್ರಾಂಶವೇ ಕೆಟ್ಟಿದೆಯೆಂದು ನಿಯಂತ್ರಣ ವ್ಯವಸ್ಥೆ ಭಾವಿಸಿತು. ಹೀಗೆ ಒಂದು ಸಾಲಿನ ತಪ್ಪು ಹಲವು ದೇಶಗಳ ಗ್ರಾಹಕರನ್ನು ತಟ್ಟಿತು.

ನಿಂತ ಯಂತ್ರಗಳು

ಸಾಮಾನ್ಯವಾಗಿ ಯಂತ್ರಗಳು ಒಂದೊಂದಾಗಿ ಕೆಡುತ್ತವೆ. ದಿನಾಂಕದೋಷ ಅವೆಲ್ಲವನ್ನೂ ಒಟ್ಟಿಗೇ ಕೆಡಿಸುತ್ತದೆ. 1996ರ ಡಿಸೆಂಬರ್ ಕೊನೆಯಲ್ಲಿ ನ್ಯೂಜಿಲೆಂಡ್‌ನ ಟಿವಾಯ್ ಪಾಯಿಂಟ್ ಅಲ್ಯೂಮಿನಿಯಂ ಕಾರ್ಖಾನೆಯ ನಿಯಂತ್ರಣ ಗಣಕಗಳು ವರ್ಷದ 366ನೇ ದಿನವನ್ನು ಗುರುತಿಸಲಾಗದೆ ಮಧ್ಯರಾತ್ರಿ ಸ್ಥಗಿತಗೊಂಡವು. ಎರಡು ಗಂಟೆಗಳ ತರುವಾಯ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲೂ ಮಧ್ಯರಾತ್ರಿಯಾದಾಗ, ಅಲ್ಲಿನ ಬೆಲ್ ಬೇ ಕಾರ್ಖಾನೆಯಲ್ಲಿ ಅದೇ ಪುನರಾವರ್ತನೆಯಾಯಿತು. 2010ರ ಆರಂಭದಲ್ಲಿ ಜರ್ಮನಿಯ ಸುಮಾರು 3 ಕೋಟಿ ಬ್ಯಾಂಕ್ ಕಾರ್ಡ್‌ಗಳ ಚಿಪ್‌ಗಳು ಹೊಸ ಇಸವಿಯನ್ನು ಅರಿಯದೆ ಹೋದವು. ಹಬ್ಬದ ರಜೆ ಕಳೆಯುವ ಹೊತ್ತಿಗೆ ಜನ ಹಣ ತೆಗೆಯಲು, ಅಂಗಡಿಯಲ್ಲಿ ಪಾವತಿಸಲು ಪರದಾಡಿದರು. 2024ರ ಫೆಬ್ರವರಿ 29ರಂದು ನ್ಯೂಜಿಲೆಂಡ್‌ನಾದ್ಯಂತ ಕಾರ್ಡ್ ಹಾಕಿ ತಾವೇ ಪೆಟ್ರೋಲ್ ತುಂಬಿಸಿಕೊಳ್ಳುವ ಬಂಕ್‌ಗಳು ಗಂಟೆಗಟ್ಟಲೆ ಕೆಲಸ ಮಾಡಲಿಲ್ಲ. ಸಿಬ್ಬಂದಿ ಇದ್ದ ಬಂಕ್‌ಗಳಲ್ಲಿ ಹಣ ಕೊಟ್ಟು ಪೆಟ್ರೋಲ್ ಪಡೆಯುವುದು ಸಾಧ್ಯವಿತ್ತು.

ನಿಲ್ಲದ ಯಂತ್ರ

ಇವೆಲ್ಲವೂ ಕೂಡಲೇ ಕಣ್ಣಿಗೆ ಬಿದ್ದ ತೊಂದರೆಗಳು. ಆದ್ದರಿಂದಲೇ ಬೇಗ ಸರಿಹೋದವು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಪ್ರಕರಣ ಹಾಗಲ್ಲ. ಗರ್ಭಿಣಿಯ ರಕ್ತಪರೀಕ್ಷೆಯ ಫಲಿತಾಂಶದ ಜೊತೆಗೆ ಆಕೆಯ ವಯಸ್ಸನ್ನೂ ಗಣಿಸಿ, ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆಯನ್ನು ಅಲ್ಲಿನ ಆಸ್ಪತ್ರೆಯ ಗಣಕ ಹೇಳುತ್ತಿತ್ತು. 2000ನೇ ಇಸವಿ ಬಂದದ್ದೇ ವಯಸ್ಸಿನ ಲೆಕ್ಕ ತಪ್ಪಿತು. ಪರದೆಯ ಮೇಲೆ ಎಚ್ಚರಿಕೆ ಮೂಡಲಿಲ್ಲ, ಮುದ್ರಿತ ವರದಿಯಲ್ಲಿ ಅಸಹಜವಾದದ್ದೇನೂ ಕಾಣಲಿಲ್ಲ. ಮೇ ತಿಂಗಳವರೆಗೆ 150ಕ್ಕೂ ಹೆಚ್ಚು ಮಹಿಳೆಯರಿಗೆ ಅಪಾಯ ಕಡಿಮೆಯೆಂಬ ತಪ್ಪು ವರದಿ ಹೋಯಿತು. ಪೆಟ್ರೋಲ್ ಸಿಗದವನು ಮರುದಿನ ತುಂಬಿಸಿಕೊಳ್ಳಬಹುದು. ತಪ್ಪು ಮಾಹಿತಿಯನ್ನು ನಂಬಿ ತಳೆದ ತೀರ್ಮಾನವನ್ನು ಈ ತಾಯಂದಿರು ಹಿಂದೆ ಪಡೆಯುವಂತಿರಲಿಲ್ಲ.

ಮುಂದಿನ ಗಡುವು

ಅನೇಕ ಹಳೆಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತವೆ. ಆ ಎಣಿಕೆಯ ಮಿತಿ 2,14,74,83,647. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಎಣಿಕೆ ಆ ಮಿತಿಯನ್ನು ಮುಟ್ಟುತ್ತದೆ. ಮರುಕ್ಷಣ ಆ ವ್ಯವಸ್ಥೆಗಳು 1901ಕ್ಕೆ ಹೊರಳುತ್ತವೆ. ಇದೇ ಮಿತಿ 2022ರ ಜನವರಿ 1ರಂದೇ ಒಮ್ಮೆ ಎಡವಿಸಿದೆ: ದಿನಾಂಕವನ್ನು 2201010001 ಎಂಬ ಸಂಖ್ಯೆಯಾಗಿ ಬರೆದ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ಗಳಲ್ಲಿ ಇಮೇಲ್‌ಗಳು ಸಾಲುಗಟ್ಟಿ ನಿಂತವು.

ಉಪಸಂಹಾರ

ಹೊಸ ಗಣಕಗಳು 64 ಬಿಟ್‌ಗಳಿಗೆ ಬದಲಾಗಿವೆ. ಉಳಿದಿರುವ ಆತಂಕ ಒಮ್ಮೆ ಅಳವಡಿಸಿ ಮರೆತುಬಿಡುವ ನಿಯಂತ್ರಕಗಳದ್ದು. ಸಾರ್ವಜನಿಕ ಸಂಸ್ಥೆಗಳು ಉಪಕರಣ ಕೊಳ್ಳುವಾಗಲೇ ಫೆಬ್ರವರಿ 29, 366ನೇ ದಿನ ಮತ್ತು 2038ರ ಪರೀಕ್ಷೆಗಳನ್ನು ಟೆಂಡರ್ ಷರತ್ತಾಗಿಸಬೇಕು. ದಿನಾಂಕ ಅನುಮಾನಾಸ್ಪದವಾದಾಗ ಯಂತ್ರ ಊಹೆಗಿಳಿಯದೆ ನಿಂತು, ಲೆಕ್ಕವನ್ನು ಮನುಷ್ಯನಿಗೆ ಒಪ್ಪಿಸಬೇಕು. ಆಸ್ಪತ್ರೆಗಳ ವಿಷಯದಲ್ಲಂತೂ ಇದು ಕಡ್ಡಾಯವಾಗಬೇಕು.