ಮನಿಲಾದ ಇರುಳಿನ ಕೈಫಿಯತ್ತು

1981ರ ನವೆಂಬರ್ 17, ಬೆಳಗಿನ ಜಾವ ಮೂರರ ಸುಮಾರು. ಮನಿಲಾ ಕೊಲ್ಲಿಯ ದಡದಲ್ಲಿ, ಕಡಲಿಗೆ ಮಣ್ಣು ತುಂಬಿ ಪಡೆದ ನೆಲದ ಮೇಲೆ ಒಂದು ಭವ್ಯ ಸೌಧ ಏಳುತ್ತಿತ್ತು. ಗ್ರೀಸಿನ ಪಾರ್ಥೆನಾನ್ ದೇಗುಲದಂತೆ ಕಂಬಸಾಲು ಹೊತ್ತ ಆ ಕಟ್ಟಡ ಸಿನಿಮಾಕ್ಕೆಂದೇ ಮೀಸಲಾದದ್ದು. ಅಧ್ಯಕ್ಷ ಫರ್ಡಿನೆಂಡ್ ಮಾರ್ಕೋಸರ ಪತ್ನಿ ಇಮೆಲ್ಡಾ ಬರುವ ಜನವರಿಯಲ್ಲಿ ಅಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಸಲು ಸಂಕಲ್ಪಿಸಿದ್ದರು. ಗಡುವು ಹತ್ತಿರವಾಗಿತ್ತು. ಸಾವಿರಾರು ಕೂಲಿಕಾರರು ಪಾಳಿಯ ಮೇಲೆ ಹಗಲಿರುಳೂ ದುಡಿಯುತ್ತಿದ್ದರು. ಆ ಜಾವದಲ್ಲಿ ಸಾರುವೆ ಕುಸಿಯಿತು. ಮೇಲಿದ್ದವರು ಆಗಷ್ಟೇ ಸುರಿದ ಹಸಿ ಕಾಂಕ್ರೀಟಿನೊಳಗೆ ಬಿದ್ದರು. ಕಾವಲಿನವರು ಗಂಟೆಗಟ್ಟಲೆ ಆಂಬುಲೆನ್ಸುಗಳನ್ನೂ ಪತ್ರಕರ್ತರನ್ನೂ ಹೊರಗೇ ತಡೆದು ನಿಲ್ಲಿಸಿದರೆಂಬುದು ಆ ದಿನದ ಅಳಿಸಲಾಗದ ದೂರು. ಸತ್ತವರೆಷ್ಟು ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. ಹತ್ತಾರು ಮಂದಿ ಎನ್ನುವವರಿದ್ದಾರೆ. 169 ಎಂಬ ಅಂಕಿ ಮಾತ್ರ ಜನರ ನಾಲಿಗೆಯ ಮೇಲೆ ನಿಂತುಬಿಟ್ಟಿದೆ. ಚಿತ್ರೋತ್ಸವ ಹೇಳಿದ ತಿಂಗಳಲ್ಲೇ ನಡೆಯಿತು. ಹೆಣಗಳ ಮೇಲೆಯೇ ಕಾಂಕ್ರೀಟು ಸುರಿದರು, ರಾತ್ರಿಯ ಹೊತ್ತು ಗೋಡೆಯೊಳಗಿಂದ ನರಳಾಟ ಕೇಳುತ್ತದೆ ಎಂಬ ಮಾತು ಊರೆಲ್ಲ ಹಬ್ಬಿತು.

ಫಿಲಿಪ್ಪೀನ್ಸಿನ ದೆವ್ವದ ಸಿನಿಮಾಗಳ ಚರಿತ್ರೆಯನ್ನು ಇಲ್ಲಿಂದ ತೊಡಗುವುದೇ ನ್ಯಾಯವೆಂದು ನಾನು ನಂಬಿದ್ದೇನೆ. ದೊರೆತನ ಸತ್ತವರನ್ನು ಎಣಿಸಲು ಒಪ್ಪದಿದ್ದಾಗ ಆ ಲೆಕ್ಕವನ್ನು ಭೂತದ ಕತೆ ಇಟ್ಟುಕೊಂಡಿತು. ಮುಂದಿನ ಮೂವತ್ತು ವರ್ಷ ಆ ದೇಶದ ತೆರೆಯ ಮೇಲೆ ಮತ್ತೆ ಮತ್ತೆ ನಡೆದದ್ದು ಇದೇ.

ಅಲ್ಲಿಯ ಪಿಶಾಚಿಗಳಿಗೆ ವಂಶಾವಳಿಯ ಕೊರತೆಯಿಲ್ಲ. 1589ರಲ್ಲೇ ಹುವಾನ್ ದೆ ಪ್ಲಾಸೆನ್ಸಿಯಾ ಎಂಬ ಸ್ಪೇನಿನ ಪಾದ್ರಿ ತಗಾಲೋಗ್ ಜನರ ಆಚಾರಗಳನ್ನು ಬರೆದಿಡುವಾಗ, ಹಾರಾಡುವ, ಮನುಷ್ಯರನ್ನು ಕೊಂದು ಮಾಂಸ ತಿನ್ನುವ ಅಸ್ವಾಂಗನನ್ನು ದಾಖಲಿಸಿದ. ಜೊತೆಗೆ, ಅವು ಇರುವುದು ವಿಸಾಯ ದ್ವೀಪಗಳಲ್ಲಿ, ತಗಾಲೋಗರಲ್ಲಿ ಇಲ್ಲ ಎಂದೂ ಸೇರಿಸಿದ. ಪಿಶಾಚಿ ಯಾವಾಗಲೂ ಪಕ್ಕದ ಸೀಮೆಯದು! ಇಂದಿಗೂ ಮನಿಲಾದವರನ್ನು ಕೇಳಿದರೆ ಪನಾಯ್ ದ್ವೀಪದ ಕಾಪಿಸ್ ಕಡೆಗೆ ಬೆರಳು ತೋರಿಸುತ್ತಾರೆ. ಅಸ್ವಾಂಗ್ ಕುಲದಲ್ಲೇ ಅತಿ ಭಯಂಕರಿ ಮನನಂಗ್ಗಲ್. ಹಗಲಲ್ಲಿ ಚೆಲುವೆಯಾದ ಹೆಂಗಸು. ಇರುಳಾದರೆ ಅವಳ ದೇಹ ಸೊಂಟದಲ್ಲಿ ಎರಡಾಗುತ್ತದೆ. ಮೇಲಿನ ಅರ್ಧಕ್ಕೆ ಬಾವಲಿಯ ರೆಕ್ಕೆ ಮೂಡಿ ಅದು ಹಾರುತ್ತದೆ, ಬಸುರಿ ಮಲಗಿರುವ ಮನೆಯ ಸೂರಿನ ಮೇಲೆ ಕುಳಿತು ನೂಲಿನಂಥ ನಾಲಿಗೆಯನ್ನು ಹುಲ್ಲಿನ ಸಂದಿನಿಂದ ಇಳಿಬಿಡುತ್ತದೆ. ನೆಲದ ಮೇಲೆ ನಿಂತೇ ಇರುವ ಕೆಳಗಿನ ಅರ್ಧವನ್ನು ಹುಡುಕಿ ಅದರ ಮೇಲೆ ಉಪ್ಪನ್ನೋ ಬೂದಿಯನ್ನೋ ಚೆಲ್ಲಿದರೆ ಮೇಲಿನದು ಮರಳಿ ಕೂಡಿಕೊಳ್ಳಲಾರದೆ ಬೆಳಗಿನ ಬಿಸಿಲಿಗೆ ಸಾಯುತ್ತದೆ.

ಈ ಭಯವನ್ನು ಆಯುಧವಾಗಿ ಬಳಸಿದವರೂ ಇದ್ದರು. 1950ರ ದಶಕದ ಆರಂಭದಲ್ಲಿ, ಹುಕ್ ರೈತ ದಂಗೆಯನ್ನು ಅಡಗಿಸಲು ಬಂದ ಅಮೆರಿಕದ ಅಧಿಕಾರಿ ಎಡ್ವರ್ಡ್ ಲ್ಯಾನ್ಸ್‌ಡೇಲ್ ತನ್ನ ನೆನಪಿನ ಪುಸ್ತಕದಲ್ಲಿ ಹೀಗೆ ಬರೆದಿದ್ದಾನೆ: ಬೆಟ್ಟದಲ್ಲಿ ಅಡಗಿದ್ದ ದಂಗೆಕೋರರ ಸಾಲಿನ ಕೊನೆಯವನನ್ನು ಸರ್ಕಾರಿ ಪಡೆ ಸದ್ದಿಲ್ಲದೆ ಹಿಡಿಯಿತು, ಅವನ ಕುತ್ತಿಗೆಗೆ ಎರಡು ತೂತು ಕೊರೆದು ರಕ್ತ ಬಸಿದು ಹೆಣವನ್ನು ದಾರಿಯಲ್ಲಿ ಹಾಕಿತು, ಅಸ್ವಾಂಗಿನ ಕೆಲಸವೆಂದು ಬೆದರಿದ ಉಳಿದವರು ಆ ಬೆಟ್ಟ ಬಿಟ್ಟು ಹೋದರು. ಅಜ್ಜಿಯರ ಕತೆ ಪ್ರಭುತ್ವದ ಕೈಗೆ ಸಿಕ್ಕಾಗ ಏನಾಗುತ್ತದೆಂದು ಆ ದೇಶ ಸಿನಿಮಾಕ್ಕಿಂತ ಮೊದಲೇ ಕಂಡಿತ್ತು.

ಇನ್ನು 1984. ಹಿಂದಿನ ವರ್ಷದ ಆಗಸ್ಟ್ 21ರಂದು ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ ದೇಶಾಂತರದಿಂದ ಮರಳಿ ವಿಮಾನದಿಂದ ಇಳಿಯುತ್ತಿದ್ದಂತೆಯೇ ಗುಂಡಿಗೆ ಬಲಿಯಾಗಿದ್ದರು. ಅಕ್ಟೋಬರಿನಲ್ಲಿ ಸರ್ಕಾರ ವಿದೇಶಿ ಸಾಲದ ಕಂತು ತೀರಿಸಲಾಗದೆಂದು ಕೈಚೆಲ್ಲಿತು. 1984ರಲ್ಲಿ ಬೆಲೆಗಳು ಶೇಕಡಾ 50ರಷ್ಟು ಏರಿದವು, ದೇಶದ ಉತ್ಪನ್ನ ಶೇಕಡಾ 7ರಷ್ಟು ಕುಗ್ಗಿತು. ಮಾರ್ಕೋಸ್ ಹೇರಿದ್ದ ಸೈನಿಕ ಶಾಸನವನ್ನು 1981ರಲ್ಲಿ ಕಾಗದದ ಮೇಲೆ ಹಿಂತೆಗೆದುಕೊಂಡಿದ್ದರೂ ರಾತ್ರಿ ಬಾಗಿಲು ತಟ್ಟಿದರೆ ಎದೆ ನಡುಗುವುದು ನಿಂತಿರಲಿಲ್ಲ.

ಅಂಥ ವರ್ಷದ ಕ್ರಿಸ್ಮಸ್ಸಿಗೆ ‘ಶೇಕ್, ರ‍್ಯಾಟಲ್ ಅಂಡ್ ರೋಲ್’ ತೆರೆಗೆ ಬಂತು. 1970ರ ದಶಕದಿಂದ ಮೆಟ್ರೊ ಮನಿಲಾ ಚಿತ್ರೋತ್ಸವವೆಂಬ ಸಂಪ್ರದಾಯವಿದೆ: ಡಿಸೆಂಬರ್ 25ರಿಂದ ಚಿತ್ರಮಂದಿರಗಳಲ್ಲಿ ಸ್ವದೇಶಿ ಚಿತ್ರಗಳದೇ ಆಳ್ವಿಕೆ. ಹಬ್ಬದ ದಿನ ದೊಡ್ಡವರು ಕೈಗಿಟ್ಟ ಕಾಸನ್ನು ಹಿಡಿದು ಮಕ್ಕಳು ಸಿನಿಮಾಕ್ಕೆ ಓಡುತ್ತಾರೆ. ಕ್ರಿಸ್ತನ ಹುಟ್ಟುಹಬ್ಬಕ್ಕೆ ಪಿಶಾಚಿಗಳ ಚಿತ್ರ ನೋಡುವುದು ಒಂದು ಇಡೀ ಪೀಳಿಗೆಗೆ ಮನೆಯ ವಾಡಿಕೆಯಾದದ್ದು ಹೀಗೆ. ಒಂದೇ ಚೀಟಿಗೆ ಮೂರು ಕತೆ, ಮೂವರು ನಿರ್ದೇಶಕರು: ಇಮ್ಯಾನುಯೆಲ್ ಬೊರ್ಲಾಜಾ, ಇಶ್ಮಾಯೆಲ್ ಬರ್ನಾಲ್, ಪೆಕೆ ಗಲ್ಯಾಗಾ. ಬೊರ್ಲಾಜಾ ಅವರದು ಗಾಜಿನ ಲೋಟ ಮಗುಚಿಟ್ಟು ಆತ್ಮಗಳನ್ನು ಕರೆಯುವ ಹುಡುಗರ ಕತೆ. ಅದನ್ನು ದಾಟಿ ಮುಂದೆ ಹೋಗೋಣ.

ನಿಲ್ಲಬೇಕಾದದ್ದು ಬರ್ನಾಲರ ‘ಪ್ರಿಜಿಡರ್’ ಬಳಿ. ಈ ಬರ್ನಾಲರು ನಾಲ್ಕು ವರ್ಷದ ಹಿಂದೆ ನಗರದ ಇರುಳನ್ನು ಕುರಿತ ‘ಮನಿಲಾ ಬೈ ನೈಟ್’ ತೆಗೆದವರು. ಆ ಚಿತ್ರದ ಹೆಸರಿನಿಂದಲೂ ಸಂಭಾಷಣೆಯಿಂದಲೂ ‘ಮನಿಲಾ’ ಎಂಬ ಊರ ಹೆಸರನ್ನೇ ಸೆನ್ಸಾರು ಕಿತ್ತು ಹಾಕಿತ್ತು. ತನ್ನ ರಾಜಧಾನಿಯ ಮುಖ ಕನ್ನಡಿಯಲ್ಲಿ ಕಾಣುವುದು ದೊರೆತನಕ್ಕೆ ಬೇಕಿರಲಿಲ್ಲ. ಅಂಥ ನಿರ್ದೇಶಕ ಈಗ ಅಡುಗೆಮನೆಯೊಂದಕ್ಕೆ ಕ್ಯಾಮೆರಾ ಹೊಕ್ಕಿಸಿದರು. ಹೊಸದಾಗಿ ಬಂದು ಸೇರಿದ ಮನೆಯಲ್ಲಿ ಹಳೆಯ ಫ್ರಿಜ್ ಒಂದಿದೆ. ಜಾನಿಸ್ ದೆ ಬೆಲೆನ್ ನಟಿಸಿದ ಹರೆಯದ ಹುಡುಗಿಯನ್ನು ಅದು ಕಾಮುಕನಂತೆ ಸೆಳೆಯುತ್ತದೆ, ಹತ್ತಿರ ಬಂದವರನ್ನು ನುಂಗುತ್ತದೆ. ಕತೆ ಇಷ್ಟೇ. ಆದರೆ ಆ ದಿನಗಳಲ್ಲಿ ಫ್ರಿಜ್ ಎಂದರೇನೆಂದು ನೆನೆಯಬೇಕು. ಮಧ್ಯಮ ವರ್ಗದ ಮನೆಯಲ್ಲಿ ಅದು ಮೇಲೇರಿದ ಗುರುತು, ನೆಂಟರು ಬಂದರೆ ಕಣ್ಣಿಗೆ ಬೀಳುವಂತೆ ಇಟ್ಟ ಹೆಮ್ಮೆ. ಅಕ್ಕಿಯ ಬೆಲೆ ಕೈಗೆ ಸಿಗದ ವರ್ಷದಲ್ಲಿ ಅದೇ ಬಿಳಿಯ ಪೆಟ್ಟಿಗೆ ತುಂಬಿಸಿಕೊಳ್ಳುವ ಬದಲು ಮನೆಯವರನ್ನೇ ತಿನ್ನಲು ತೊಡಗುತ್ತದೆ. ಬರ್ನಾಲ್ ಒಂದು ರಾಜಕೀಯ ಮಾತನ್ನೂ ಆಡಿಸಲಿಲ್ಲ. ಆ ವರ್ಷ ಚಿತ್ರಮಂದಿರದಲ್ಲಿ ಕೂತು ನೋಡಿದವರಿಗೆ ಅದರ ಅಗತ್ಯವಿತ್ತೆಂದು ನನಗೆ ತೋರುವುದಿಲ್ಲ.

ಮೂರನೆಯದು ಗಲ್ಯಾಗಾ ಅವರ ‘ಮನನಂಗ್ಗಲ್’. ಅವರು ಬೆಳೆದ ನೀಗ್ರೋಸ್ ಸೀಮೆ ಪನಾಯ್ ದ್ವೀಪದ ನೆರೆಯದು. ಈ ಕತೆಗಳು ಅವರಿಗೆ ಪುಸ್ತಕದಿಂದ ಬಂದವಲ್ಲ. ಹಳ್ಳಿಯ ಮನೆ, ಮುದಿ ಅಜ್ಜಿ, ಚಿಕ್ಕ ಮಕ್ಕಳು, ಅವರನ್ನು ಕಾಯಬೇಕಾದ ಒಬ್ಬನೇ ಹುಡುಗ. ಆ ಪಾತ್ರಕ್ಕೆ ಹರ್ಬರ್ಟ್ ಬಾವ್ಟಿಸ್ಟಾಗೆ ಉತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಒಂದು ವರ್ಷ ಎರಡು ತಿಂಗಳಿಗೆ ಮಾರ್ಕೋಸ್ ದಂಪತಿ ದೇಶ ಬಿಟ್ಟು ಓಡಿದರು. 1986ರ ಫೆಬ್ರವರಿಯ ನಾಲ್ಕು ದಿನ ಎಡ್ಸಾ ಹೆದ್ದಾರಿಯಲ್ಲಿ ಜಪಮಾಲೆ ಹಿಡಿದ ಜನಸಾಗರ ಟ್ಯಾಂಕುಗಳಿಗೆ ಎದುರಾಗಿ ನಿಂತಿತು, ಹತರಾದ ಅಕಿನೊ ಅವರ ಪತ್ನಿ ಕೊರಾಸಾನ್ ಅಧ್ಯಕ್ಷೆಯಾದರು. ಬೆಳಕು ಬಂದ ಮೇಲೆ ದೆವ್ವಗಳಿಗೇನು ಕೆಲಸ? ಕೆಲಸವಿತ್ತು. ಸೇನೆಯ ಒಳಗಿಂದ ದಂಗೆಯ ಮೇಲೆ ದಂಗೆ ಎದ್ದಿತು. 1989ರ ಡಿಸೆಂಬರಿನದಂತೂ ಅಮೆರಿಕದ ಯುದ್ಧವಿಮಾನಗಳು ಮನಿಲಾದ ಮೇಲೆ ಹಾರಿದ ನಂತರವೇ ತಣ್ಣಗಾದದ್ದು. ಅದರ ಮರುವರ್ಷ ರೀಗಲ್ ಸಂಸ್ಥೆಯ ಒಡತಿ, ಚಿತ್ರರಂಗವೆಲ್ಲ ‘ಮದರ್ ಲಿಲಿ’ ಎಂದು ಕರೆಯುತ್ತಿದ್ದ ಲಿಲಿ ಮಾಂಟೆವೆರ್ದೆ, ‘ಶೇಕ್, ರ‍್ಯಾಟಲ್ ಅಂಡ್ ರೋಲ್’ ಅನ್ನು ಸರಣಿಯಾಗಿ ಕೈಗೆತ್ತಿಕೊಂಡು ಗಲ್ಯಾಗಾ ಮತ್ತು ಅವರ ಜೊತೆಗಾರ ಲೋರೆ ರೆಯೆಸ್ ಅವರಿಗೆ ಒಪ್ಪಿಸಿದರು. ಎರಡನೆಯ ಭಾಗದ ‘ಅಸ್ವಾಂಗ್’ ಕತೆಯಲ್ಲಿ ಪಟ್ಟಣದ ಹುಡುಗಿಯೊಬ್ಬಳು ಹಳ್ಳಿಗೆ ಬರುತ್ತಾಳೆ. ಉಪಚರಿಸಿದ ಊರಿಗೆ ಊರೇ ಅಸ್ವಾಂಗ್ ಎಂದು ತಿಳಿಯುವ ಹೊತ್ತಿಗೆ ದಾರಿ ಮುಚ್ಚಿರುತ್ತದೆ. ನಗುಮುಖದ ನೆರೆಯವರಲ್ಲಿ ಯಾರು ಯಾವ ಪಕ್ಷದವರೆಂದು ತಿಳಿಯದ ಕಾಲಕ್ಕೆ ಅದು ಹೊಂದಿಕೊಂಡಿತು. 1991ರ ಮೂರನೆಯ ಭಾಗದಲ್ಲಿ, ತಾಯಿ ಕೊರಾಸಾನ್ ಇನ್ನೂ ಅಧ್ಯಕ್ಷೆಯಾಗಿದ್ದಾಗಲೇ, ಕ್ರಿಸ್ ಅಕಿನೊ ನಟಿಸಿದಳು. ಹನ್ನೆರಡರ ವಯಸ್ಸಿನಲ್ಲಿ ತಂದೆಯ ರಕ್ತಸಿಕ್ತ ಅಂಗಿಯನ್ನು ಶವಪೆಟ್ಟಿಗೆಯಲ್ಲಿ ಕಂಡ ಮಗಳು ಅವಳು. ಮುಂದೆ ಅವಳೇ ದೇಶದ ಭಯದ ಚಿತ್ರಗಳ ಹೆಸರಾಂತ ನಾಯಕಿಯಾದಳು.

ತೆರೆಯ ಪಿಶಾಚಿ ತೆರೆಯಿಂದಿಳಿದು ಬೀದಿಗೆ ಬಂದ ವರ್ಷವೂ ಇದೆ, 1992. ವಿದ್ಯುತ್ ಸ್ಥಾವರಗಳು ಸೊರಗಿ ಮನಿಲಾದಲ್ಲಿ ದಿನಕ್ಕೆ ಎಷ್ಟೋ ಗಂಟೆ ಕರೆಂಟಿಲ್ಲ. ಮೇ 11ಕ್ಕೆ ಅಧ್ಯಕ್ಷ ಚುನಾವಣೆ. ಅದೇ ಮೇ ತಿಂಗಳಲ್ಲಿ ಕಿಕ್ಕಿರಿದ ತೊಂಡೊ ಕೇರಿಯಲ್ಲಿ ಮನನಂಗ್ಗಲ್ ಹಾರುತ್ತಿದೆ ಎಂಬ ಸುದ್ದಿ ಎದ್ದಿತು. ಸಂಜೆಪತ್ರಿಕೆಗಳು ಚುನಾವಣೆಯ ಜೊತೆಜೊತೆಗೇ ಅದನ್ನು ಮುಖಪುಟಕ್ಕೆ ಏರಿಸಿದವು. ಬಡ ಮುದುಕಿಯೊಬ್ಬಳ ಮೇಲೆ ಅನುಮಾನ ಬಿತ್ತು. ಅಸ್ವಾಂಗಿಗೆ ತೊರಕೆ ಮೀನಿನ ಬಾಲ ಮುಟ್ಟಲಾಗದೆಂಬ ನಂಬಿಕೆಯಿದೆ. ಟೆಲಿವಿಷನ್ ಕ್ಯಾಮೆರಾದ ಮುಂದೆ ಆ ಬಾಲವನ್ನು ಮುಟ್ಟಿ ಆಕೆ ತಾನು ಮನುಷ್ಯಳೆಂದು ರುಜುವಾತು ಮಾಡಬೇಕಾಯಿತು. ನಾನು ಈ ಇಡೀ ಚರಿತ್ರೆಯಲ್ಲಿ ಓದಿದ ಅತ್ಯಂತ ಭಯಂಕರ ದೃಶ್ಯ ಇದು, ಇದನ್ನು ಯಾವ ನಿರ್ದೇಶಕನೂ ತೆಗೆಯಲಿಲ್ಲ. ವಿದ್ವಾಂಸೆ ಬ್ಲಿಸ್ ಕುವಾ ಲಿಮ್ ಈ ಪ್ರಸಂಗವನ್ನೂ ಆ ಕಾಲದ ಅಸ್ವಾಂಗ್ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ಓದಿದ್ದಾರೆ. ಆ ಡಿಸೆಂಬರಿನಲ್ಲಿ ಬಂದ ನಾಲ್ಕನೆಯ ಭಾಗದ ‘ಆಂಗ್ ಮಾದ್ರೆ’ ಕತೆ ನಡೆಯುವುದು ಕೊಳೆಗೇರಿಯಲ್ಲಿ: ಮಕ್ಕಳ ನಡುವೆ ಒಬ್ಬ ಸನ್ಯಾಸಿನಿ, ತಗಡಿನ ಸೂರುಗಳ ಮೇಲೆ ಮನನಂಗ್ಗಲ್. ಕಾಪಿಸ್‌ನಲ್ಲಿದ್ದ ಪಿಶಾಚಿ ಕೆಲಸ ಹುಡುಕಿ ಬಂದ ಲಕ್ಷಾಂತರ ಹಳ್ಳಿಗರಂತೆ ತಾನೂ ರಾಜಧಾನಿಗೆ ಒಕ್ಕಲು ಬಂದಿತ್ತು.

ಅಲ್ಲಿಂದಾಚೆಗೆ ಸರಣಿ ಏಳುಬೀಳುಗಳಲ್ಲಿ ಸಾಗಿತು. 1997ರ ನಂತರ ಎಂಟು ವರ್ಷ ನಿಂತು 2005ರಲ್ಲಿ ಮತ್ತೆ ಎದ್ದಿತು. ಈಗ ದೆವ್ವ ಕಾಂಡೊಮಿನಿಯಮ್ಮಿನ ಅಕ್ವೇರಿಯಮ್ಮಿನಲ್ಲಿತ್ತು, 2006ರಲ್ಲಿ ನಗರದ ಮೆಟ್ರೊ ರೈಲಿನ ಕೊನೆಯ ಗಾಡಿಯಲ್ಲಿ, 2009ರಲ್ಲಿ ಹಳೆ ಬಟ್ಟೆಯ ಅಂಗಡಿಯಿಂದ ತಂದ ಮದುವೆಯ ನಿಲುವಂಗಿಯಲ್ಲಿ. ಎಷ್ಟೋ ಕತೆಗಳು ಸಪ್ಪೆ, ಕೆಲವು ಬರಿಯ ಗದ್ದಲ. ಹೊಸ ವಸ್ತುವಿನೊಳಗೆ ಹಳೆ ದೆವ್ವವನ್ನು ಕೂರಿಸಿದ ಮಾತ್ರಕ್ಕೆ ಭಯ ಹುಟ್ಟದು. ಆ ವಸ್ತುವಿಗಾಗಿ ಯಾರು ಬೆಲೆ ತೆತ್ತರೆಂದು ಕತೆ ಕೇಳಿದಾಗ ಮಾತ್ರ ಹುಟ್ಟುತ್ತದೆ.

ಆ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು 2011ರ ಹದಿಮೂರನೆಯ ಭಾಗದಲ್ಲಿ ಕ್ರಿಸ್ ಮಾರ್ಟಿನೆಜ್ ನಿರ್ದೇಶಿಸಿದ ‘ರೇನ್ ರೇನ್ ಗೋ ಅವೇ’. 2009ರ ಸೆಪ್ಟೆಂಬರ್ 26ರಂದು ಒಂದೊಯ್ ಚಂಡಮಾರುತ ಮನಿಲಾದ ಮೇಲೆ ಒಂದೇ ದಿನಕ್ಕೆ 450 ಮಿಲಿಮೀಟರಿನಷ್ಟು ಮಳೆ ಸುರಿದಿತ್ತು. ತಿಂಗಳಿಡೀ ಬೀಳಬೇಕಾದದ್ದು ಗಂಟೆಗಳಲ್ಲಿ ಬಿದ್ದು, ಮರಿಕೀನಾ ನದಿ ಬಡಾವಣೆಗಳ ಮೊದಲ ಮಾಳಿಗೆಯವರೆಗೆ ಏರಿತು. 400ಕ್ಕೂ ಹೆಚ್ಚು ಜನ ಸತ್ತರು. ಮಾರ್ಟಿನೆಜರ ಕತೆಯ ನಾಯಕಿ ಪ್ಲಾಸ್ಟಿಕ್ ಕಾರ್ಖಾನೆಯ ಒಡತಿ. ಪ್ರವಾಹದಲ್ಲಿ ಹೊಟ್ಟೆಯ ಕೂಸನ್ನು ಕಳೆದುಕೊಂಡವಳು. ನಗೆಪಾತ್ರಗಳಿಗೆ ಹೆಸರಾದ ಯುಜೀನ್ ಡೊಮಿಂಗೊ ಆ ದುಃಖವನ್ನು ಗಂಭೀರವಾಗಿ ಹೊತ್ತು ನಡೆದಿದ್ದಾಳೆ. ಹೊಸ ಮನೆಗೆ ಹೋದರೂ ನೀರು ಅವಳನ್ನು ಬಿಡುವುದಿಲ್ಲ. ಬಕೆಟ್ಟಿನಲ್ಲಿ, ಗೋಡೆಯ ತೇವದಲ್ಲಿ, ಎಲ್ಲೆಂದರಲ್ಲಿ ಹಿಂಬಾಲಿಸುತ್ತದೆ. ಅವಳ ಮೇಲೆ ನಮಗೆ ಮರುಕ ಮೂಡಿದ ಮೇಲೆ ನಿಜ ಹೊರಬರುತ್ತದೆ. ಅವರ ಕಾರ್ಖಾನೆಯಲ್ಲಿ ಮಕ್ಕಳು ದುಡಿಯುತ್ತಿದ್ದರು. ನೆರೆ ಬಂದ ದಿನ ಹೊರಗಿನಿಂದ ಬೀಗ ಹಾಕಿತ್ತು.

ಈ ಚಿತ್ರ ಡಿಸೆಂಬರ್ 25ಕ್ಕೆ ತೆರೆ ಕಾಣಲಿದ್ದಾಗ, ಅದಕ್ಕೆ ಬರೀ ಒಂದು ವಾರ ಮುಂಚೆ, ಸೆಂಡೊಂಗ್ ಚಂಡಮಾರುತ ದಕ್ಷಿಣದ ಮಿಂದನಾವೊದಲ್ಲಿ ಕಗಾಯನ್ ದೆ ಒರೊ ಮತ್ತು ಇಲಿಗಾನ್ ಊರುಗಳ ಮೇಲೆ ರಾತ್ರಿ ನಿದ್ದೆಯ ಹೊತ್ತಿಗೆ ನೀರು ನುಗ್ಗಿಸಿತು. ಸಾವಿರಕ್ಕೂ ಹೆಚ್ಚು ಜನ ಹೋದರು. ಸುಮಾರು ಮೂರೂವರೆ ವರ್ಷದ ಮೇಲೆ, 2015ರ ಮೇ 13ರಂದು, ಮೆಟ್ರೊ ಮನಿಲಾಕ್ಕೆ ಸೇರಿದ ವಾಲೆನ್ಸ್ವೆಲಾದ ಚಪ್ಪಲಿ ಕಾರ್ಖಾನೆಯಲ್ಲಿ ಬೆಂಕಿ ಹೊತ್ತಿ 70ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅದರ ಮೇಲಂತಸ್ತಿನ ಕಿಟಕಿಗಳಿಗೆ ಕಬ್ಬಿಣದ ಸರಳು ಬಿಗಿದಿದ್ದರು. ಮಾರ್ಟಿನೆಜ್ ಕಂಡದ್ದು ಭವಿಷ್ಯವೇನಲ್ಲ. ತನ್ನ ಊರಿನ ಕಾರ್ಖಾನೆಗಳು ಹೇಗಿದ್ದವೆಂದು ಅವನು ನೋಡಿ ಬಲ್ಲವನಾಗಿದ್ದ, ಅಷ್ಟೇ.

ಬರ್ನಾಲ್ 1996ರಲ್ಲಿ ತೀರಿಕೊಂಡರು, ಗಲ್ಯಾಗಾ 2020ರಲ್ಲಿ, ಮದರ್ ಲಿಲಿ 2024ರ ಆಗಸ್ಟಿನಲ್ಲಿ. ಸರಣಿ ಮುಂದುವರಿದಿದೆ. 2023ರ ಭಾಗದ ಒಂದು ಕತೆಯಲ್ಲಿ ಮೊಬೈಲಿನ ಮುಂದೆ ಕೂತು ರಾಶಿ ತಿನ್ನುವುದನ್ನೇ ತೋರಿಸಿ ಹೆಸರು ಗಳಿಸುವ ಯುವಕರಿದ್ದಾರೆ. 1984ರ ಫ್ರಿಜ್ಜಿನೆದುರು ಹಸಿದು ನಿಂತ ಕುಟುಂಬದ ಮೊಮ್ಮಕ್ಕಳಿರಬಹುದು ಅವರು. ಆ ಹಸಿವಿನ ಕತೆ ತಿಳಿದವರು ಈ ಚಿತ್ರವನ್ನು ಬೇರೆಯಾಗಿಯೇ ನೋಡುತ್ತಾರೆ.