ಅಂಕಪಟ್ಟಿಯಲ್ಲಿ ಮನೆಯ ಪಾಲು

ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದು, ಆಯ್ದ ಊರುಗಳಲ್ಲಿ ಓದನ್ನು ಕಡ್ಡಾಯ ಮಾಡಲು ಹೊರಟಾಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. 1918ರಲ್ಲಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಸಿಗುವಂತೆ ಮಾಡಲು ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಇದರಿಂದ ಅರ್ಹತೆಗೆ ಧಕ್ಕೆಯೆಂದು ನಂಬಿದ್ದ ದಿವಾನರು ಅದೇ ವರ್ಷ ಹುದ್ದೆ ಬಿಟ್ಟರು. ಶಾಲೆ ತೆರೆದರೆ ಸಾಕೇ, ಮಗು ಎಂಥ ಮನೆಯಿಂದ ಬರುತ್ತದೆಂದೂ ನೋಡಬೇಕೇ ಎಂಬ ಪ್ರಶ್ನೆ ಅಂದಿನದು. ಬೆಂಗಳೂರು ಗ್ರಾಮಾಂತರದ ಕಸುಬುಗಳ ಚರಿತ್ರೆ ಇದಕ್ಕೆ ಉತ್ತರ ಕೊಡುತ್ತದೆ: ಮಗುವಿನ ಅಂಕದಲ್ಲಿ ಮನೆಯ ಪಾಲು ದೊಡ್ಡದು, ಮನೆಗೆ ಕೊಡಲಾಗದ್ದನ್ನು ಸಮಾಜ ಕೊಡಬಲ್ಲದು.

ದೊಡ್ಡಬಳ್ಳಾಪುರದ ನೇಕಾರರಿಗೆ ಮನೆಯೇ ಕಾರ್ಖಾನೆ. ದೊಡ್ಡವರು ಮಗ್ಗದ ಮುಂದಿದ್ದರೆ ಕಂಡಿಕೆ ಸುತ್ತುವ ಕೆಲಸ ಮಕ್ಕಳ ಕೈಗೆ ಬರುತ್ತಿತ್ತು. ಮಾಲೀಕರಿಂದ ಮುಂಗಡ ಪಡೆದ ಕೂಲಿ ನೇಕಾರನಿಗೆ ಬಟ್ಟೆಯ ಲೆಕ್ಕದಲ್ಲೇ ಕೂಲಿ. ಮಗುವಿನ ಒಂದು ಗಂಟೆಗೂ ಅಲ್ಲಿ ಬೆಲೆಯಿತ್ತು. ದೇವನಹಳ್ಳಿ, ವಿಜಯಪುರ, ಹೊಸಕೋಟೆ ಕಡೆಯ ರೇಷ್ಮೆ ಮನೆಗಳದೂ ಇದೇ ಪಾಡು. ನಾಲ್ಕನೇ ಜ್ವರ, ಎಂದರೆ ಕೊನೆಯ ಸಲ ಪೊರೆ ಬಿಡುವ ಹಂತ, ಕಳೆದ ಹುಳು ಗೂಡು ಕಟ್ಟುವ ಮುಂಚಿನ ವಾರದಲ್ಲಿ ಹಗಲಿರುಳೆನ್ನದೆ ಸೊಪ್ಪು ತಿನ್ನುತ್ತದೆ. ಆಗ ಆಳಿಗೆ ಕೂಲಿ ಕೊಡಲಾಗದ ಮನೆಯಲ್ಲಿ ಮಕ್ಕಳೂ ಸೊಪ್ಪಿಗೆ ಹೋಗಲೇಬೇಕು. ವರ್ಷಕ್ಕೆ ಐದಾರು ಬೆಳೆಯೆಂದರೆ, ಪಾಠ ತಪ್ಪುವುದೂ ಐದಾರು ಬಾರಿ. 1986ರ ಬಾಲಕಾರ್ಮಿಕ ಕಾಯಿದೆ ಸ್ವಂತ ಕುಟುಂಬದ ಕೆಲಸವನ್ನು ನಿಷೇಧದಿಂದ ಹೊರಗಿಟ್ಟಿತು. ಹಾಗಾಗಿ ಇಂಥ ಮಕ್ಕಳನ್ನು ಕಾನೂನು ಮುಟ್ಟಲೇ ಇಲ್ಲ. ಬಡವರಿಗೆ ಮಕ್ಕಳ ಓದಿನ ಮೇಲೆ ಆಸಕ್ತಿಯಿಲ್ಲವೆಂಬ ಮಾತನ್ನು ಇದರೆದುರು ಇಟ್ಟು ನೋಡಬೇಕು. ಅವರಲ್ಲಿ ಆಸೆಗೆ ಕೊರತೆಯಿರಲಿಲ್ಲ, ಮಗುವಿನ ಸಮಯವನ್ನು ಓದಿಗೆ ಬಿಟ್ಟುಕೊಡುವ ಶಕ್ತಿಯಿರಲಿಲ್ಲ.

ಬಡತನವನ್ನು ಮೀರಿ ಬೆಳೆದವರಿಲ್ಲವೇ ಎಂದು ಕೇಳುವವರು ವಿಶ್ವೇಶ್ವರಯ್ಯನವರನ್ನೇ ತೋರಿಸುತ್ತಾರೆ. ದೇವನಹಳ್ಳಿಗೆ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದಿದವರು ಅವರು. ಅವರ ಶ್ರಮ ಪ್ರಶ್ನಾತೀತ. ಆದರೆ ತಂದೆ ಸಂಸ್ಕೃತ ವಿದ್ವಾಂಸರು; ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಿತ್ತು; 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಪುಣೆಯ ಎಂಜಿನಿಯರಿಂಗ್ ಓದಿಗೆ ಸರ್ಕಾರದ ವಿದ್ಯಾರ್ಥಿವೇತನ ಒದಗಿತು. ಹಣವಿಲ್ಲದ ಆ ಮನೆಯಲ್ಲಿ ಅಕ್ಷರವಿತ್ತು, ಪೇಟೆಯಲ್ಲಿ ನೆಂಟರಿದ್ದರು. ಮೊದಲ ತಲೆಮಾರಿನ ನೇಕಾರ, ಒಕ್ಕಲು, ದಲಿತ ಮಕ್ಕಳಿಗೆ ಈ ಎರಡೂ ಇರಲಿಲ್ಲ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಸ್ಥೆಗಳು ನಡೆಸಿದ ಹಾಸ್ಟೆಲ್‌ಗಳು ಪೇಟೆಯಲ್ಲಿ ನೆಂಟರಿಲ್ಲದವರಿಗೆ ನೆಂಟರ ಮನೆಯಾದವು. ಮಿಲ್ಲರ್ ಸಮಿತಿಯೂ ವಿದ್ಯಾರ್ಥಿವೇತನ, ಹಾಸ್ಟೆಲ್‌ಗಳಿಗೆ ಒತ್ತುಕೊಟ್ಟಿತು. ಅರ್ಹತೆಯನ್ನು ಕಡೆಗಣಿಸುವ ಮಾತು ಇದಲ್ಲ. ದಿವಾನರಿಗೆ ಒದಗಿದ್ದ ಆಸರೆ ಉಳಿದವರಿಗೂ ಒದಗಲಿ ಎಂಬ ಮಾತು.

ಅಮೆರಿಕದಲ್ಲಿ 1966ರಲ್ಲಿ ಬಂದ ಕೋಲ್ಮನ್ ವರದಿ, ಮಕ್ಕಳ ಸಾಧನೆಯ ವ್ಯತ್ಯಾಸಕ್ಕೆ ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ದೊಡ್ಡ ಕಾರಣವೆಂದಿತು. ಹಾಗಾದರೆ ಶಾಲೆಗೆ ಖರ್ಚು ಮಾಡಿ ಫಲವೇನು ಎಂಬುದು ಇನ್ನೊಂದು ಆಕ್ಷೇಪ. ನಮ್ಮ ರಾಜ್ಯದ ಅನುಭವ ಬೇರೆ ದಾರಿ ತೋರುತ್ತದೆ. 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿದ ಅಕ್ಷರ ದಾಸೋಹದ ಬಿಸಿಯೂಟ, 2006ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್, ಇವು ಪಾಠದ ಸುಧಾರಣೆಗಳಲ್ಲ. ಮನೆಯ ಹೊರೆಯನ್ನು ಶಾಲೆ ಹೊತ್ತುಕೊಂಡ ಬಗೆ. ಮಧ್ಯಾಹ್ನದ ಊಟ ಸಿಕ್ಕ ಮಗು ಹಸಿವಿನಿಂದ ಪಾಠ ಬಿಡಬೇಕಿಲ್ಲ. ಸೈಕಲ್ ಇದ್ದ ಹುಡುಗಿ ಪ್ರೌಢಶಾಲೆ ದೂರವೆಂದು ಮನೆಯಲ್ಲಿ ಕೂರಬೇಕಿಲ್ಲ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲಿನ ಭೂಮಿಗೆ ಚಿನ್ನದ ಬೆಲೆ ಬಂದು ಮನೆ ಮನೆಗಳ ನಡುವಿನ ಅಂತರದ ರೂಪ ಬದಲಾಗಿದೆ. ಜಮೀನಿದ್ದವರ ಮಕ್ಕಳು ಶಾಲಾ ವ್ಯಾನು ಹತ್ತಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ, ಸಂಜೆ ಟ್ಯೂಷನ್ ಬೇರೆ. ಜಮೀನಿಲ್ಲದ ಕೂಲಿಯವರ ಮಕ್ಕಳು, ವಲಸೆ ಬಂದವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಉಳಿದರು. ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಿಟ್ಟ ಶೇ. 25ರ ಸೀಟುಗಳು ಇವರನ್ನು ಒಂದೇ ಬೆಂಚಿನಲ್ಲಿ ಕೂರಿಸಬಹುದಿತ್ತು. 2019ರಲ್ಲಿ ರಾಜ್ಯ ಸರ್ಕಾರ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಆ ಸೀಟು ಬೇಕಿಲ್ಲವೆಂದು ನಿಯಮ ಬದಲಿಸಿ ಆ ಬಾಗಿಲನ್ನು ಬಹುಪಾಲು ಮುಚ್ಚಿತು. ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಿ ಎನ್ನುವ ಸರ್ಕಾರ, ಉಳ್ಳವರು ದುಡ್ಡು ಕೊಟ್ಟು ಕೊಳ್ಳುವ ಸಂಜೆಯ ಪಾಠವನ್ನೂ ಓದಲು ಶಾಂತವಾದ ಜಾಗವನ್ನೂ ಅಲ್ಲೇ ಒದಗಿಸಬೇಕು. ಅದನ್ನು ಮಾಡದೆ ಫಲಿತಾಂಶದ ಪಟ್ಟಿ ಹಿಡಿದು ಮಕ್ಕಳ ಬುದ್ಧಿಯನ್ನು ಅಳೆಯುವುದು ಅನ್ಯಾಯ.